ಒಂದು ದಿನದ ಹಾಜರಿ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಾನು ಮಕ್ಕಳನ್ನು ಬೇಡಲು ಹೋಗುತ್ತಿದ್ದೆ. ಬೇಡಲು ಎಂದೇ ಬರೆಯುತ್ತೇನೆ. ಶಾಲೆಯ ವರದಿಯಲ್ಲಿ ಅದಕ್ಕೆ ‘ಪಾಲಕರ ಸಂಪರ್ಕ’ ಎಂಬ ಗೌರವದ ಹೆಸರಿತ್ತು. ಠಾಣೆಯ ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ ವರ್ಷದಿಂದ ವರ್ಷಕ್ಕೆ ಬೆಂಚುಗಳು ಖಾಲಿಯಾಗುತ್ತಿದ್ದವು. ಹೋಟೆಲಿನವರ ಮಕ್ಕಳು, ಆಫೀಸಿನವರ ಮಕ್ಕಳು ಯಾವತ್ತೋ ಇಂಗ್ಲಿಷ್ ಶಾಲೆಯ ದಾರಿ ಹಿಡಿದಿದ್ದರು. ನನ್ನ ಮಗನೂ ಡೊಂಬಿವಲಿಯ ಇಂಗ್ಲಿಷ್ ಶಾಲೆಯಲ್ಲೇ ಓದಿದವನು. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ; ಮುಂದೆ ಒಪ್ಪಿಕೊಳ್ಳಬೇಕಾದದ್ದು ಇದಕ್ಕಿಂತ ದೊಡ್ಡದಿದೆ.

ನಮಗೆ ಉಳಿದವರೆಂದರೆ ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ರಸ್ತೆ ಅಗೆಯುವ ಕೆಲಸಕ್ಕೆ ಬಂದವರ ಮಕ್ಕಳು. ಅವರನ್ನು ಹುಡುಕಿಕೊಂಡು ನಾವು ಶಿಕ್ಷಕಿಯರು ಕಳವಾ ಊರಿನ ಒಂಟಿ ಖೋಲಿಗಳಿಗೆ, ವಿಠ್ಠಲವಾಡಿ ಸ್ಟೇಷನ್ನಿನ ಆಚೆಯ ಝೋಪಡಿಗಳಿಗೆ, ಶಹಾಡದ ಕಾರ್ಖಾನೆಗಳ ಹಿಂದಿನ ಓಣಿಗಳಿಗೆ ಛತ್ರಿ ಹಿಡಿದು ತಿರುಗುತ್ತಿದ್ದೆವು. ಮಕ್ಕಳು ಕಡಿಮೆಯಾದರೆ ತುಕಡಿ, ಅಂದರೆ ತರಗತಿಯ ವಿಭಾಗ, ಮುಚ್ಚುತ್ತದೆ, ತರಗತಿಗೆ ಬರುವ ಅನುದಾನ ನಿಲ್ಲುತ್ತದೆ, ಶಿಕ್ಷಕಿ ಸರಪ್ಲಸ್ ಆಗುತ್ತಾಳೆ. ಸರಪ್ಲಸ್ ಆದವಳನ್ನು ಎಲ್ಲಿಗೆ ಬೇಕಾದರೂ ಎಸೆಯಬಹುದು. ನಾನು ಮಕ್ಕಳ ಭವಿಷ್ಯಕ್ಕಾಗಿ ಕೆಸರು ತುಳಿದೆ ಎಂದು ಬೀಳ್ಕೊಡುಗೆ ಸಮಾರಂಭದಲ್ಲಿ ಯಾರೋ ಹೊಗಳಿದರು. ಕೆಸರು ತುಳಿದದ್ದು ನಿಜ. ತುಳಿದದ್ದು ನನ್ನ ನೌಕರಿಗಾಗಿ.

ಒಂದು ಜೂನಿನ ದಿನ ಶಹಾಡದಲ್ಲಿ ಒಬ್ಬ ಹೆಂಗಸು ತನ್ನ ಎಂಟು ವರ್ಷದ ಮಗಳನ್ನು ಕಳಿಸಲು ಒಪ್ಪಲಿಲ್ಲ. ಮಗಳ ಸೊಂಟದ ಮೇಲೆ ಒಂದು ಕೂಸು ಇತ್ತು.

“ಇಕಿ ಸಾಲಿಗೆ ಬಂದ್ರ ಕೂಸಿನ್ನ ಯಾರು ಹಿಡೀಬೇಕ್ರಿ ಟೀಚರಬಾಯಿ?” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟಿಗೆ ಯಾವತ್ತೂ ದೂರದ ದಾರಿಯಿಲ್ಲ. “ಕೂಸು ನಿಂದೋ ಇಕೀದೋ? ಇಷ್ಟು ಸಣ್ಣ ಹುಡುಗೀನ್ನ ದುಡಿಸಾಕ ನಾಚಿಕಿ ಆಗಂಗಿಲ್ಲೇನು ನಿನಗ?” ಎಂದು ಓಣಿಗೆಲ್ಲ ಕೇಳುವಂತೆ ಬೈದೆ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ಆ ತಾಯಿ ಕೂಸನ್ನು ಇಸಿದುಕೊಂಡು, ಮಗಳ ಹೆಸರು ಬರೆಸಿದಳು. ಅವಳ ಮುಖ ಸಣ್ಣಗಾಗಿತ್ತು.

ಗೆದ್ದ ಹುಮ್ಮಸ್ಸಿನಲ್ಲಿ ಲೋಕಲ್ ಹಿಡಿದು ಡೊಂಬಿವಲಿಗೆ ಬಂದು, ಮೂರನೆಯ ಮಹಡಿ ಹತ್ತಿ ಬೆಲ್ ಒತ್ತಿದೆ. ಬಾಗಿಲು ತೆರೆದವಳು ಹನ್ನೆರಡು ವರ್ಷದ ಒಂದು ಹುಡುಗಿ. ನನ್ನ ಕೈಯಿಂದ ಒದ್ದೆ ಛತ್ರಿ ತೆಗೆದುಕೊಂಡಳು, ಕುಡಿಯಲು ನೀರು ತಂದಳು, ನನ್ನ ಚಪ್ಪಲಿಯ ಕೆಸರು ತೊಳೆಯಲು ಬಚ್ಚಲಿಗೆ ಹೋದಳು. ಅಲ್ಲಿಂದಲೇ ಕೇಳಿದಳು, “ಇವತ್ತು ಎಷ್ಟು ಜನ ಮಕ್ಕಳು ಸಿಕ್ಕಿದ್ರು ಅಕ್ಕ?”

“ಮೂರು,” ಎಂದೆ.

“ಇನ್ನೂ ಎಷ್ಟು ಬೇಕು?”

“ಏಳು.”

ಆ ಏಳರ ಲೆಕ್ಕದಲ್ಲಿ ಅವಳನ್ನು ನಾನು ಒಮ್ಮೆಯೂ ಸೇರಿಸಿರಲಿಲ್ಲ. ಸೇರಿಸಬಹುದು ಎಂದು ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದೆ.

ಅವಳು ನಮ್ಮ ಮನೆಗೆ ಬಂದದ್ದು 2007ರಲ್ಲಿ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ನನ್ನ ಗಂಡ ನವಿ ಮುಂಬಯಿಯ ತುರ್ಭೆಯಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಿದ್ದರು, ನಾನು ಶಾಲೆಗೆ. ಇಟ್ಟುಕೊಂಡ ಆಯಾಬಾಯಿಯರು ಅತ್ತೆಯ ಬಾಯಿಗೆ ಹೆದರಿ ವಾರಕ್ಕೊಬ್ಬರು ಬಿಟ್ಟುಹೋದರು. ಆಗ ನನ್ನ ಅಣ್ಣನ ಫೋನು ಬಂತು. ಅಣ್ಣ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣಿನ ತೂಕ ಬರೆದುಕೊಳ್ಳುವ ಕೆಲಸ.

“ಇಲ್ಲಿ ಆಳುಗಳ ಲೈನ್ ಮನಿಯಾಗ ಒಂದು ಹುಡುಗಿ ಐತಿ ನೋಡು. ಚುರುಕ ಐತಿ. ಅವರವ್ವ ಕಳಸ್ತೀನಿ ಅಂತಾಳ. ಸಾಲಿಗೆ ಹಾಕ್ತೀವಿ ಅಂತ ಹೇಳೀನಿ,” ಎಂದ.

“ಹಾಕೋಣಲ್ಲ, ನಾನಽ ಟೀಚರ್ ಇದ್ದೀನಿ,” ಎಂದೆ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ. ಅದೇ ನನ್ನನ್ನು ಈಗ ಹೆಚ್ಚು ಹೆದರಿಸುತ್ತದೆ.

ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೂ ಇಟ್ಟುಕೊಳ್ಳಬಾರದು ಎಂಬ ಕಾನೂನು ಬಂದು ಆಗಿನ್ನೂ ಒಂದು ವರ್ಷ ಕಳೆದಿರಲಿಲ್ಲ. ನಮ್ಮ ಬಿಲ್ಡಿಂಗಿನ ನೋಟೀಸ್ ಬೋರ್ಡಿನಲ್ಲೇ ಅದರ ಕಾಗದ ಅಂಟಿಸಿದ್ದರು. ನಾನು ಸೊಸೈಟಿಯ ಸೆಕ್ರೆಟರಿಗೆ ಹೇಳಿದೆ, “ಭಾವಾಚಿ ಮುಲಗಿ ಆಹೆ.” ಅಣ್ಣನ ಮಗಳು. ಅವಳಿಗೆ ನನ್ನನ್ನು ‘ಅಕ್ಕ’ ಎಂದು ಕರೆಯಲು ಕಲಿಸಿದ್ದೆ; ಅಣ್ಣನ ಮಗಳು ಅತ್ತೆ ಎನ್ನಬೇಕಲ್ಲವೇ ಎಂದು ಆ ಮರಾಠಿ ಸೆಕ್ರೆಟರಿಗೆ ಹೊಳೆಯಲಿಲ್ಲ. ಕನ್ನಡದವರಾದರೆ ಹಿಡಿಯುತ್ತಿದ್ದರು. ಬಿಲ್ಡಿಂಗಿನ ಕನ್ನಡದವರಿಗೆ ಗೊತ್ತೇ ಇತ್ತು. ಅವರು ಕೇಳಲಿಲ್ಲ, ಯಾಕೆಂದರೆ ಕೇಳಿದರೆ ನಾನೂ ಕೇಳಬಹುದಾದದ್ದು ಅವರ ಮನೆಗಳಲ್ಲೂ ಇತ್ತು.

ಅವಳು ತಂದದ್ದು ಎರಡು ಫ್ರಾಕು, ಒಂದು ಸ್ವೆಟರು, ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸದೆ ಇಟ್ಟ ನಾಲ್ಕನೆಯ ತರಗತಿಯ ಅಂಕಪಟ್ಟಿ. ಬಂದ ದಿನವೇ ಅದನ್ನು ನನ್ನ ಕೈಗೆ ಕೊಟ್ಟಳು. “ಶಾಲೆಗೆ ಹಾಕೋವಾಗ ಬೇಕಾಗುತ್ತಂತೆ ಅಕ್ಕ.” ನಾನು ಅದನ್ನು ಕಪಾಟಿನಲ್ಲಿ ನಮ್ಮ ಫ್ಲ್ಯಾಟಿನ ಕಾಗದಗಳ ಜೊತೆಗೆ ಇಟ್ಟೆ. ಅಲ್ಲಿ ಅದು ಭದ್ರವಾಗಿತ್ತು. ಮೂರು ವರ್ಷ ಅಲ್ಲೇ ಇತ್ತು. ಅವಳ ಸಂಬಳ ಅಣ್ಣನ ಮೂಲಕ ಅವಳ ಅಮ್ಮನ ಕೈಗೆ ಹೋಗುತ್ತಿತ್ತು.

ನಾವು ಅವಳನ್ನು ಹೊಡೆಯಲಿಲ್ಲ. ಉಪವಾಸ ಕೆಡವಲಿಲ್ಲ. ನಾವು ಉಂಡದ್ದನ್ನೇ ಅವಳೂ ಉಂಡಳು, ದೀಪಾವಳಿಗೆ ಹೊಸ ಬಟ್ಟೆ ಉಟ್ಟಳು. ಇದನ್ನೆಲ್ಲ ಬರೆಯುವಾಗ ನನ್ನ ಪರವಾಗಿ ಸಾಕ್ಷಿ ಹೇಳಿಕೊಳ್ಳುತ್ತಿದ್ದೇನೆ ಎಂದು ತಿಳಿಯುತ್ತಿದೆ, ಸಾಕು. ಬೆಳಿಗ್ಗೆ ಅತ್ತೆಯ ಮಲಮೂತ್ರದ ಪಾಟು ತೆಗೆಯುವುದರಿಂದ ಹಿಡಿದು ರೊಟ್ಟಿಯ ಹಿಟ್ಟು ನಾದುವವರೆಗೆ ಎಲ್ಲ ಅವಳದೇ. ಅತ್ತೆ ಬೈದರೆ ನಗುತ್ತಿದ್ದಳು. “ಏನ್ ನಗ್ತೀ ಮೂಳಿ,” ಎಂದು ಅತ್ತೆ ಇನ್ನಷ್ಟು ಬೈದು, ಕೊನೆಗೆ ತಾವೂ ನಗುತ್ತಿದ್ದರು. ಅತ್ತೆಯನ್ನು ಆ ಕಾಲದಲ್ಲಿ ನಗಿಸಿದವಳು ಅವಳೊಬ್ಬಳೇ. ನನ್ನ ಮಗ ಅವಳೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದ, ಅವಳು ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ಇಬ್ಬರಿಗೂ ಅದರಿಂದ ಏನೂ ತೊಂದರೆಯಿರಲಿಲ್ಲ.

ಮೊದಲನೆಯ ಜೂನಿನಲ್ಲಿ, ಅತ್ತೆ ಎದ್ದು ಕೂರುವಂತಾಗಲಿ ಎಂದೆ. ಎರಡನೆಯ ಜೂನಿನಲ್ಲಿ, ಒಂದು ವರ್ಷ ತಪ್ಪಿಹೋಗಿದೆ, ಮನೆಯಲ್ಲೇ ಸ್ವಲ್ಪ ಓದಿಸಿ ಹಾಕೋಣ ಎಂದೆ. ಓದಿಸಲಿಲ್ಲ. ಅವಳೇ ನನ್ನ ಹಳೆಯ ಪಠ್ಯಪುಸ್ತಕಗಳನ್ನು ಅತ್ತೆಯ ಮಂಚದ ಕಾಲ ಬಳಿ ಕೂತು ಓದುತ್ತಿದ್ದಳು. ಮೂರನೆಯ ಜೂನು ಎಂದರೆ 2009, ನಾನು ಶಹಾಡದ ಆ ತಾಯಿಗೆ ಬೈದು ಬಂದ ವರ್ಷ. ಚಪ್ಪಲಿ ತೊಳೆದು ತಂದಿಟ್ಟು, ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತಳು.

“ಅಕ್ಕ, ಇನ್ನೂ ಏಳು ಜನ ಬೇಕು ಅಂದ್ರಲ್ಲ. ನಾನು ಬಂದ್ರೆ ಆರೇ ಸಾಕಲ್ವಾ?”

ಅವಳು ಗೋಗರೆಯಲಿಲ್ಲ. ನನಗೆ ಸಹಾಯ ಮಾಡುವ ಧ್ವನಿಯಲ್ಲಿ ಕೇಳಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

“ನೀ ಹೋದ್ರ ಅಜ್ಜಿನ್ನ ಯಾರು ನೋಡ್ತಾರವಾ?” ಎಂದೆ.

ಇದೇ ಮಾತನ್ನು ಎರಡು ಗಂಟೆಯ ಹಿಂದೆ ಇನ್ನೊಬ್ಬ ಹೆಂಗಸಿನ ಬಾಯಲ್ಲಿ ಕೇಳಿ ನಾನು ಓಣಿ ಹಾರಿಹೋಗುವಂತೆ ಕಿರುಚಿದ್ದೆ. ನನ್ನನ್ನು ಬೈಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹುಡುಗಿ “ಹೌದಲ್ವಾ” ಎಂದು ಒಳಗೆ ಹೋದಳು.

ಆ ವರ್ಷದ ಕೊನೆಗೆ ಶಾಲೆಗೆ ತಪಾಸಣೆ ಬರುವುದೆಂದು ಗೊತ್ತಾಯಿತು. ಹಾಜರಿ ಪುಸ್ತಕದಲ್ಲಿ ಇರುವ ಹೆಸರಿಗೂ ಬೆಂಚಿನ ಮೇಲೆ ಕೂತ ತಲೆಗೂ ತಾಳೆ ನೋಡುತ್ತಾರೆ ಎಂಬ ಸುದ್ದಿ. ನಮ್ಮ ಏಳನೆಯ ತರಗತಿಯ ಪುಸ್ತಕದಲ್ಲಿ ಎಷ್ಟೋ ಹೆಸರುಗಳಿಗೆ ತಲೆ ಇರಲಿಲ್ಲ. ಅಪ್ಪ ಅಮ್ಮನ ಕೆಲಸ ಮುಗಿದು ಊರಿಗೆ ಹೋದ ಮಕ್ಕಳ ಹೆಸರನ್ನು ನಾವು ಹೊಡೆದುಹಾಕುತ್ತಿರಲಿಲ್ಲ. ಹೆಡ್‌ಮಾಸ್ಟರು ಕುಂದಾಪುರದ ಕಡೆಯವರು, ಒಳ್ಳೆಯವರೇ, ಶಾಲೆ ಉಳಿಯಬೇಕೆಂದು ನಿಜವಾಗಿ ಒದ್ದಾಡುತ್ತಿದ್ದವರು. ಸ್ಟಾಫ್ ರೂಮಿಗೆ ಬಂದು, “ಒಬ್ಬೊಬ್ಬರು ಒಂದೆರಡು ಮಕ್ಕಳನ್ನು ತನ್ನಿ ಮಾರಾಯ್ರೆ. ಒಂದು ದಿನದ ಮಟ್ಟಿಗೆ ಸಾಕು,” ಎಂದರು. ನನ್ನ ಕಡೆ ತಿರುಗಿ, “ಟೀಚರೇ, ನಿಮ್ಮ ಅಣ್ಣನ ಮಗಳು ಉಂಟಲ್ಲ ಮನೆಯಲ್ಲಿ?” ಎಂದರು.

ತಪಾಸಣೆಯ ದಿನ ಸಾಹೇಬರ ಎದುರು ಪಾಠ ಮಾಡಬೇಕಾದವಳೂ ನಾನೇ. ವಿಷಯ ನಾನೇ ಆರಿಸಿಕೊಂಡೆ: ಕೈಗಾರಿಕಾ ಕ್ರಾಂತಿ, ಗಿರಣಿಗಳಲ್ಲಿ ದುಡಿದ ಮಕ್ಕಳು. ಅದು ನನಗೆ ಕೈಪಳಗಿದ ಪಾಠ. ಪುಸ್ತಕದಲ್ಲಿ ಇಂಗ್ಲೆಂಡಿನ ಮಕ್ಕಳಿದ್ದರೆ, ನಾನು ಅದಕ್ಕೆ ನನ್ನ ಅಜ್ಜನನ್ನು ಸೇರಿಸುತ್ತಿದ್ದೆ. ಅಜ್ಜ ಬೈಲಹೊಂಗಲ ಕಡೆಯಿಂದ ಅವರಪ್ಪನ ಜೊತೆ ಮುಂಬಯಿಗೆ ಬಂದು ಹತ್ತನೆಯ ವಯಸ್ಸಿಗೆ ಪರೇಲಿನ ಬಟ್ಟೆ ಗಿರಣಿ ಸೇರಿದವನು. ಮಕ್ಕಳನ್ನು ಅರ್ಧ ದಿನ ಮಾತ್ರ ದುಡಿಸಬೇಕೆಂಬ ಕಾಯಿದೆ ಆಗ ಇತ್ತಂತೆ. ಅಜ್ಜ ಬೆಳಿಗ್ಗೆ ಒಂದು ಗಿರಣಿಯಲ್ಲಿ ತನ್ನ ಹೆಸರಿನಲ್ಲಿ, ಮಧ್ಯಾಹ್ನ ಇನ್ನೊಂದು ಗಿರಣಿಯಲ್ಲಿ ಬೇರೊಬ್ಬ ಹುಡುಗನ ಹೆಸರಿನಲ್ಲಿ ದುಡಿಯುತ್ತಿದ್ದ. ಬಿಳಿಯ ಸಾಹೇಬ ತಪಾಸಣೆಗೆ ಬಂದರೆ ಆಳುಗಳ ಮೇಲಿನ ಮುಕಾದಮ ಮಕ್ಕಳನ್ನು ಹತ್ತಿಯ ಬೇಲುಗಳ ಹಿಂದೆ ತಳ್ಳುತ್ತಿದ್ದ. ನಮ್ಮ ಮನೆಯಲ್ಲಿ ಇದು ನಗುವ ಕತೆ, ಅಜ್ಜನ ಜಾಣತನದ ಕತೆ. ತರಗತಿಯಲ್ಲಿ ನಾನು ಅದನ್ನು ಧ್ವನಿ ಇಳಿಸಿ, ಅಳುವ ಕತೆಯಾಗಿ ಹೇಳುತ್ತಿದ್ದೆ. ಎರಡೂ ಬಗೆಯಲ್ಲಿ ಚೆನ್ನಾಗಿ ಹೇಳಲು ಬರುತ್ತಿತ್ತು.

ತಪಾಸಣೆಗೆ ಮುಂಚಿನ ಒಂದು ಭಾನುವಾರ ಅಡುಗೆಮನೆಯಲ್ಲಿ ಪಾಠವನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದಳು. “ಇವೆಲ್ಲ ನೂರು ವರ್ಷದ ಹಿಂದಿನ ಮಾತು, ಮಕ್ಕಳೇ,” ಎಂದು ಮುಗಿಸಿದೆ.

“ನಮ್ಮಲ್ಲೂ ಹಂಗೇ ಅಕ್ಕ,” ಎಂದಳು.

“ಎಲ್ಲಿ?”

“ತೋಟದಲ್ಲಿ. ಹಣ್ಣು ಕೊಯ್ಯೋ ಕಾಲದಲ್ಲಿ ನಾವೆಲ್ಲ ಹೋಗ್ತಿದ್ವಿ. ಗಿಡದ ಕೆಳಗಿನ ಕೊಂಬೆ, ರೆಕ್ಕೆ ಅಂತೀವಿ, ಅದು ನಮಗೆ, ಮೇಲಿಂದು ಅಮ್ಮಂಗೆ. ಉದುರಿದ್ದನ್ನ ಹೆಕ್ಕೋದೂ ನಾವೇ. ಚಗಳಿ ಇರುವೆ ಕಚ್ಚುತ್ತೆ, ಏನು ಮಾಡೋಕಾಗಲ್ಲ. ಸಂಜೆ ತೂಕಕ್ಕೆ ಹಾಕೋವಾಗ ಎಲ್ಲ ಅಮ್ಮನ ಚೀಲಕ್ಕೆ. ಪುಸ್ತಕದಲ್ಲಿ ಅಮ್ಮನ ಹೆಸರೇ ಇರೋದು. ನಮ್ಮ ಹೆಸರು ಇರಲ್ಲ. ಜೀಪು ಬಂದ್ರೆ ಗಿಡದ ಬುಡಕ್ಕೆ ಕೂತ್ಕೋಬೇಕು, ಕೆಮ್ಮಬಾರದು.”

“ಜೀಪಿನಾಗ ಯಾರು ಬರ್ತಿದ್ರು?”

“ಆಫೀಸ್ನೋರು. ಮಕ್ಕಳಿದಾರಾ ಅಂತ ನೋಡೋಕೆ.”

ಆ ಪುಸ್ತಕ ಬರೆಯುವವನು ನನ್ನ ಅಣ್ಣ. ಅಣ್ಣನ ಕೈಬರಹ ನನಗೆ ಗೊತ್ತು, ಮುತ್ತಿನಂಥ ಅಕ್ಷರ. ನಾನು ಮಾಡಿದ್ದೇನು ಗೊತ್ತೇ? ಪೆನ್ನು ತೆಗೆದು, ಪಾಠದ ಟಿಪ್ಪಣಿಯ ಕೊನೆಗೆ ‘ಇಂದಿನ ತೋಟಗಳಲ್ಲಿ: ತಾಯಿಯ ಚೀಲ’ ಎಂದು ಬರೆದುಕೊಂಡೆ. ಒಳ್ಳೆಯ ಅಂಶ ಸಿಕ್ಕಿತು ಎನ್ನಿಸಿತ್ತು. ಗಿರಣಿಯ ಹುಡುಗನಿಗೆ ಕೊನೆಯಪಕ್ಷ ಬೆಳಗಿನ ಪಾಳಿಯಲ್ಲಿ ತನ್ನ ಹೆಸರು ಇತ್ತು, ತೋಟದ ಹುಡುಗಿಗೆ ಅದೂ ಇಲ್ಲ ಎಂಬ ಹೋಲಿಕೆಯನ್ನೂ ಹೊಸೆದೆ. ಹೊಸೆದು, ಅವಳಿಗೆ ಸೊಪ್ಪು ಬೇಗ ಬಿಡಿಸಲು ಹೇಳಿದೆ.

ತಪಾಸಣೆಯ ದಿನ ಅತ್ತೆಯನ್ನು ನೋಡಿಕೊಳ್ಳಲು ನನ್ನ ಗಂಡ ರಜೆ ಹಾಕಿದರು. ಒಂದು ದಿನಕ್ಕೆ ಅದು ಸಾಧ್ಯವಾಯಿತು ಎಂಬುದನ್ನು ಗಮನಿಸಿ. ನಾನು ಆಗ ಗಮನಿಸಲಿಲ್ಲ. ಬಡಮಕ್ಕಳಿಗೆಂದು ಬಂದು ಶಾಲೆಯ ಕಪಾಟಿನಲ್ಲಿ ಉಳಿದಿದ್ದ ಸಮವಸ್ತ್ರವನ್ನು ಹಿಂದಿನ ದಿನವೇ ತಂದಿದ್ದೆ. ನೀಲಿ ಲಂಗ, ಬಿಳಿ ಅಂಗಿ. ಅವಳೇ ಇಸ್ತ್ರಿ ಮಾಡಿಕೊಂಡಳು. ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟಿದೆ. ಲೋಕಲ್‌ನಲ್ಲಿ ಹೆಂಗಸರ ಡಬ್ಬಿಯ ಬಾಗಿಲ ಬಳಿ ನನ್ನ ಪಕ್ಕ ನಿಂತು, ಮುಂಬ್ರಾ ದಾಟಿದ ಮೇಲೆ ಸಮುದ್ರದ ಖಾಡಿಯ ನೀರನ್ನು ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಏನು ಎಂದು ಕೇಳಿದೆ.

“ಹೆಸರು ಬಾಯಿಪಾಠ ಮಾಡ್ತಿದೀನಿ,” ಎಂದಳು. ಸಿಂದಗಿ ತಾಲೂಕಿನ ತನ್ನ ಊರಿಗೆ ಹೊರಟುಹೋಗಿದ್ದ ಒಬ್ಬ ಹುಡುಗಿಯ ಹೆಸರು ಅದು. ಹಾಜರಿ ಕರೆಯುವಾಗ ಆ ಹೆಸರಿಗೆ ಎದ್ದು ನಿಲ್ಲಬೇಕೆಂದು ಹೇಳಿಕೊಟ್ಟಿದ್ದೆ. “ಮತ್ತೆ ಅಲ್ಲಿ ಅಕ್ಕ ಅನ್ನಬ್ಯಾಡ, ಟೀಚರ್ ಅನ್ನು,” ಎಂದೂ ಹೇಳಿದ್ದೆ.

ಬಂದ ಸಾಹೇಬರು ಸೋಲಾಪುರದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದರು. ಎರವಲು ತಂದ ಮಕ್ಕಳನ್ನು ನಾವು ನಡುನಡುವೆ ಹಂಚಿ ಕೂರಿಸಿದ್ದೆವು. ಅವಳನ್ನು ಮಾತ್ರ ನಾನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದೆ, ಜಾಣೆಯಂತೆ ಕಾಣುತ್ತಾಳೆ ಎಂದು. ಅಜ್ಜನ ಕತೆ ಹೇಳಿದೆ. ಬೇಲುಗಳ ಹಿಂದೆ ಅಡಗಿದ್ದನ್ನು ಹೇಳುವಾಗ ನನ್ನ ಧ್ವನಿ ಸರಿಯಾದ ಜಾಗದಲ್ಲಿ ಇಳಿಯಿತು. ಪಾಠ ಮುಗಿದ ಮೇಲೆ ಸಾಹೇಬರು ಎದ್ದು ನಿಂತರು.

“ಈಗ ಇಂಥಾ ಮಕ್ಕಳು ಅದಾರೇನು? ಯಾರು ಹೇಳ್ತೀರಿ?”

ಮೊದಲು ಯಾರೂ ಕೈ ಎತ್ತಲಿಲ್ಲ. ಆಮೇಲೆ ಮುಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಕೈ ಕೆಳಗಿಳಿಸು ಎಂದು ಕಣ್ಣಲ್ಲೇ ಹೇಳಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ.

ಎದ್ದು ನಿಂತು ಹೇಳಿದಳು. ಕೆಳಗಿನ ರೆಕ್ಕೆ, ಉದುರು ಹಣ್ಣು, ಅಮ್ಮನ ಚೀಲ, ಜೀಪು, ಗಿಡದ ಬುಡ. ಅಡುಗೆಮನೆಯಲ್ಲಿ ಹೇಳಿದ್ದನ್ನೇ ಪುಸ್ತಕದ ಕನ್ನಡಕ್ಕೆ ತಿರುಗಿಸಿ, ‘ಆ ಮಕ್ಕಳು’ ಎಂದು ಹೇಳಿದಳು, ‘ನಾವು’ ಎನ್ನಲಿಲ್ಲ. ಕೊನೆಗೆ, “ಕೆಲವು ಮಕ್ಕಳು ಮನೆಗಳಲ್ಲಿ ಕೂಡ ಇರುತ್ತಾರೆ ಸರ್,” ಎಂದು ಸೇರಿಸಿದಳು. ಕಿಟಕಿಯ ಹೊರಗೆ ರಿಕ್ಷಾದವರು ಜಗಳವಾಡುತ್ತಿದ್ದರು.

“ಶಾಬ್ಬಾಸ್. ಇಷ್ಟೆಲ್ಲಾ ನಿನಗ ಹೆಂಗ ಗೊತ್ತಾತು?” ಎಂದರು ಸಾಹೇಬರು.

ಈಗ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ನನಗೆ ಅವಳ ಚಿಂತೆ ಇರಲಿಲ್ಲ. ಪೊಲೀಸು, ನೌಕರಿ, ನಾಳೆಯ ಪತ್ರಿಕೆ, ಬಿಲ್ಡಿಂಗಿನವರು, ಇಷ್ಟೇ ಕಣ್ಣ ಮುಂದೆ ಬಂದದ್ದು.

ಅವಳು ನನ್ನ ಕಡೆ ತಿರುಗಿದಳು. “ಟೀಚರ್ ಹೇಳಿಕೊಟ್ಟರು ಸರ್,” ಎಂದಳು.

ಸಾಹೇಬರು ಸಂತೋಷಪಟ್ಟರು. ಅಭಿಪ್ರಾಯ ಬರೆಯುವ ಶೇರೆ ಪುಸ್ತಕದಲ್ಲಿ ನನ್ನ ಪಾಠದ ಬಗ್ಗೆ ನಾಲ್ಕು ಸಾಲು ಬರೆದರು, ವಿದ್ಯಾರ್ಥಿಗಳಿಗೆ ಸಮಾಜದ ಅರಿವು ಮೂಡಿಸುವ ಶಿಕ್ಷಕಿ ಎಂದು. ತುಕಡಿ ಉಳಿಯಿತು. ಹೆಡ್‌ಮಾಸ್ಟರು ಎಲ್ಲರಿಗೂ ಬಟಾಟೆ ವಡೆ ತರಿಸಿದರು. ಅವಳಿಗೂ ಎರಡು ಕೊಟ್ಟರು. ಒಂದನ್ನು ತಿಂದು, ಇನ್ನೊಂದನ್ನು ಅಜ್ಜಿಗೆಂದು ಕಾಗದದಲ್ಲಿ ಕಟ್ಟಿಕೊಂಡಳು.

ಗಿರಣಿಯವರು ನನ್ನ ಅಜ್ಜನನ್ನು ಸಾಹೇಬನ ಕಣ್ಣಿಂದ ಅಡಗಿಸಿದ್ದರು. ತೋಟದವರು ಅವಳನ್ನು ಗಿಡದ ಬುಡದಲ್ಲಿ ಅಡಗಿಸಿದ್ದರು. ನಾನು ಅವಳಿಗೆ ರಿಬ್ಬನ್ ಕಟ್ಟಿ ಸಾಹೇಬನ ಎದುರಿಗೇ ಕೂರಿಸಿದೆ. ಹೋಲಿಸಿ ನೋಡಿದರೆ ನನಗೇ ಧೈರ್ಯ ಜಾಸ್ತಿ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯ ಎಲ್ಲ ಕೆಲಸ ಮುಗಿದಿತ್ತು. ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿಯಾಗಿತ್ತು. ಅವರ ಕೈಗೆ ಎಟುಕುವಂತೆ ಸ್ಟೂಲಿನ ಮೇಲೆ ನೀರು, ಮಾತ್ರೆ, ಮುಚ್ಚಿದ ತಟ್ಟೆಯಲ್ಲಿ ಉಪ್ಪಿಟ್ಟು. ಹಾಸಿಗೆಯ ಪಕ್ಕ ಪಾಟು, ಒಂದು ಗಂಟೆ. ಆ ಗಂಟೆ ದೇವರ ಮನೆಯದು. ಬೇಕಾದಾಗ ಬಾರಿಸಿದರೆ ಪಕ್ಕದ ಮನೆಯ ಮಾವುಶಿ ಬರುತ್ತಾರೆ ಎಂದು ಅವರ ಜೊತೆ ತಾನೇ ಮಾತಾಡಿ ಬಂದಿದ್ದಳಂತೆ. ಸಮವಸ್ತ್ರ ತೊಟ್ಟು, ತಾನೇ ಹಾಕಿಕೊಂಡ ವಕ್ರ ಜಡೆಗೆ ಅದೇ ರಿಬ್ಬನ್ ಕಟ್ಟಿ, ಬಾಗಿಲ ಬಳಿ ನಿಂತಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ನನ್ನ ಹಳೆಯ ಪಠ್ಯಪುಸ್ತಕ.

“ಎಲ್ಲಾ ಆಗಿದೆ ಅಕ್ಕ. ಅಲ್ಲ, ಟೀಚರ್,” ಎಂದು ನಕ್ಕಳು. “ಹೋಗೋಣ್ವಾ?”

ನನ್ನ ಗಂಡ ಪೇಪರಿನಿಂದ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಪೇಪರಿಗೆ ತಲೆ ಇಳಿಸಿದರು.

“ಅದು ನಿನ್ನಿ ಒಂದು ದಿನದ್ದಾಗಿತ್ತವಾ,” ಎಂದೆ.

ನಾನು ಉತ್ತರ ಸಾಲದೇನೋ ಎಂಬಂತೆ, “ಸಾಹೇಬ್ರಿಗೆ ತೋರಿಸಾಕಷ್ಟಽ,” ಎಂದು ಇನ್ನೊಂದು ಮಾತು ಸೇರಿಸಿದೆ. ಯಾಕೆ ಸೇರಿಸಿದೆನೋ. ಅವಳು ರಿಬ್ಬನ್ ಬಿಚ್ಚಿ ಬೆರಳಿಗೆ ಸುತ್ತಿಕೊಂಡಳು. “ಹಂಗಾದ್ರೆ ಲಂಗ ಒಗೆದು ಕೊಡ್ಲಾ, ವಾಪಸ್ ಕೊಡ್ಬೇಕಲ್ಲ?” ಎಂದು ಕೇಳಿದಳು. ಒಗೆದು ಕೊಡು ಎಂದೆ. 8.12ರ ಲೋಕಲ್ ತಪ್ಪುತ್ತದೆಂದು ಹೊರಟೆ. ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತ್ತು, ಅದು ನೆನಪಿದೆ.

ಮುಂದಿನ ವರ್ಷ ಅತ್ತೆ ತೀರಿಕೊಂಡರು. ಅತ್ತೆ ಇಲ್ಲದ ಮೇಲೆ ಅವಳನ್ನು ಶಾಲೆಗೆ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅತ್ತೆ ಇಲ್ಲದ ಮೇಲೆ ನಮಗೆ ಅವಳ ಅಗತ್ಯವೂ ಇರಲಿಲ್ಲ. ಊರಿಗೆ ಹೊರಟಿದ್ದ ಪರಿಚಯದವರ ಜೊತೆ ಕಳಿಸಿದೆವು. ಹೋಗುವಾಗ ಅಂಕಪಟ್ಟಿ ಕೇಳಿದಳು. ಕಪಾಟಿನಿಂದ ತೆಗೆದು ಕೊಟ್ಟೆ. ಅದಕ್ಕೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ಹೋಗಿ ಅಮ್ಮನ ಜೊತೆ ಹಣ್ಣು ಕೊಯ್ಯಲು ಸೇರಿದಳೆಂದು ಅಣ್ಣ ಫೋನಿನಲ್ಲಿ ಹೇಳಿದ. ಅಮ್ಮನ ಚೀಲಕ್ಕೇ ಇರಬೇಕು, ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. ನಾನು ಕೇಳಲಿಲ್ಲ.

ನಮ್ಮ ಶಾಲೆ ಆ ತಪಾಸಣೆಯಿಂದ ಉಳಿದದ್ದು ಐದೇ ವರ್ಷ. ಆಮೇಲೆ ಮುಚ್ಚಿತು. ಅಷ್ಟರಲ್ಲಿ ನನ್ನ ಸರ್ವಿಸ್ ಮುಗಿಯುತ್ತ ಬಂದಿತ್ತು. ಒಂದು ವರ್ಷ ಬೇರೆ ಕಡೆ ಹಾಕಿಸಿಕೊಂಡು ನಿವೃತ್ತಳಾದೆ. ಅಂದರೆ ನಾನು ಏನನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದೆನೋ ಅದು ಉಳಿಯಿತು.

2017ರಲ್ಲಿ ಅವಳ ಫೋನು ಬಂತು. ಅಣ್ಣನಿಂದ ನಂಬರು ಪಡೆದಿದ್ದಳು. ಧ್ವನಿ ಬಲಿತಿತ್ತು, ಮಾತಿನ ಗತಿ ಅದೇ. ಅತ್ತೆಯನ್ನು ನೆನೆಸಿಕೊಂಡಳು, ನನ್ನ ಮಗನ ಬಗ್ಗೆ ಕೇಳಿದಳು. ಆಮೇಲೆ ವಿಷಯಕ್ಕೆ ಬಂದಳು.

“ಟೀಚರ್, ತೋಟದಲ್ಲಿ ಶಿಶುವಿಹಾರ ಮಾಡ್ತಿದಾರೆ. ಕೊಯ್ಯೋರ ಮಕ್ಕಳನ್ನ ಅಲ್ಲಿ ಕೂರಿಸ್ಕೊಳೋದು, ಗಿಡದ ಬುಡಕ್ಕೆ ಬರದಂಗೆ. ಅದಕ್ಕೊಬ್ಳು ಬೇಕಂತೆ. ನಂಗೆ ಆ ಕೆಲಸ ಬೇಕು ಟೀಚರ್. ಏಳನೇ ಕ್ಲಾಸು ಓದಿದ್ದಕ್ಕೆ ಕಾಗದ ಕೇಳ್ತಾರೆ. ನಾನು ನಿಮ್ಮ ಶಾಲೇಲಿ ಏಳನೇ ಕ್ಲಾಸಲ್ಲಿ ಕೂತಿದ್ದೆನಲ್ಲ, ಏನಾದ್ರೂ ಬರೆದಿಟ್ಟಿರ್ತಾರಾ?”

ನೋಡಿ ಹೇಳುತ್ತೇನೆ ಎಂದೆ. ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮರುದಿನ ಠಾಣೆಗೆ ಹೋದೆ. ಮುಚ್ಚಿದ ಶಾಲೆಯ ಪುಸ್ತಕಗಳು ಅದನ್ನು ನಡೆಸುತ್ತಿದ್ದ ಸಂಸ್ಥೆಯ ಕಚೇರಿಯ ಒಂದು ಕೋಣೆಯಲ್ಲಿದ್ದವು. ಗ್ರಂಥಪಾಲಕ, ಜವಾನ ಎರಡೂ ಆಗಿದ್ದ ಒಬ್ಬ ಮುದುಕರು ಧೂಳು ಹೊಡೆದು ಹಾಜರಿ ಪುಸ್ತಕ ತೆಗೆದುಕೊಟ್ಟರು. ಹಾಳೆ ತಿರುವಿದೆ. ತಪಾಸಣೆಯ ದಿನದ ಕಲಂನಲ್ಲಿ ಸಿಂದಗಿಯ ಹುಡುಗಿಯ ಹೆಸರಿನ ಮುಂದೆ ನನ್ನದೇ ಕೈಯ ನೀಲಿ ಶಾಯಿಯ ‘ಹ’. ಅವಳು ಬಂದ ಒಂದು ದಿನ. ಅದರ ಹಿಂದಿನ ದಿನಗಳಲ್ಲೂ ‘ಹ’, ಮುಂದಿನ ದಿನಗಳಲ್ಲೂ ‘ಹ’. ಯಾವ ದಿನ ಆ ಬೆಂಚಿನ ಮೇಲೆ ನಿಜವಾಗಿ ಒಂದು ಹುಡುಗಿ ಕೂತಿದ್ದಳೆಂದು ಆ ಹಾಳೆ ನೋಡಿ ಯಾರೂ ಹೇಳಲಾರರು. ಅಣ್ಣನ ಅಕ್ಷರದಷ್ಟೇ ನನ್ನ ಅಕ್ಷರವೂ ಚೆಂದ.

ಖಾಲಿ ಪ್ರಮಾಣಪತ್ರಗಳ ಒಂದು ಕಟ್ಟು ಅದೇ ಕಪಾಟಿನಲ್ಲಿತ್ತು, ಶಾಲೆಯ ಹಳೆಯ ಮೊಹರಿನ ಶಿಕ್ಕೆಯೂ ಇತ್ತು. ಮುದುಕರು ಚಹಾ ತರಲು ಹೋಗಿದ್ದರು. ನಾನು ಆ ಕಟ್ಟನ್ನು ಮುಟ್ಟಿದೆ ಕೂಡ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡೆ. ತಪ್ಪಾಗುತ್ತದೆ, ಸಿಕ್ಕಿಬಿದ್ದರೆ ಪೆನ್ಶನ್ ಹೋಗುತ್ತದೆ ಎನ್ನಿಸಿತು. ನನಗೆ ಬೇಕಾದಾಗ ಸುಳ್ಳು ಹಾಜರಿ ಹಾಕಲು ನಡುಗದ ಕೈ, ಅವಳಿಗೆ ಬೇಕಾದಾಗ ನಿಯಮ ನೆನಪಿಸಿಕೊಂಡಿತು. ನನ್ನ ಬದುಕಿನಲ್ಲಿ ನಾನು ಮಾಡಿದ ಪ್ರಾಮಾಣಿಕ ಕೆಲಸಗಳಲ್ಲಿ ಇದಕ್ಕೆ ನಾಚಿದಷ್ಟು ಇನ್ನಾವುದಕ್ಕೂ ನಾಚಿಲ್ಲ.

ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬೆಂಚಿನ ಮೇಲೆ ಕೂತು ಫೋನು ಮಾಡಿದೆ. ನಿನ್ನ ಹೆಸರು ಇಲ್ಲವ್ವಾ ಎಂದೆ. ಪುಸ್ತಕದಲ್ಲಿ ಇರುವುದು ಆ ಇನ್ನೊಬ್ಬ ಹುಡುಗಿಯ ಹೆಸರು, ಆ ದಿನ ನೀನು ಎದ್ದು ನಿಂತೆಯಲ್ಲ, ಅದೇ ಎಂದೆ. ತಪ್ಪಾಯ್ತು ಎಂದೂ ಹೇಳಿದೆ. ಗಾಡಿಯ ಸದ್ದಿನಲ್ಲಿ ಆ ಮಾತು ಅವಳಿಗೆ ಕೇಳಿತೋ ಇಲ್ಲವೋ ಗೊತ್ತಾಗಲಿಲ್ಲ. ಎರಡನೆಯ ಸಲ ಹೇಳಲು ನನಗೆ ಬಾಯಿ ಬರಲಿಲ್ಲ.

“ಹೋಗ್ಲಿ ಬಿಡಿ ಟೀಚರ್,” ಎಂದಳು. ಆಮೇಲೆ ಕೇಳಿದಳು, “ಆ ಹುಡುಗಿ ಪಾಸಾದ್ಲಾ?”

ಆಗಿದ್ದಳು. ಊರಿಗೆ ಹೋಗಿ ವರ್ಷದ ಮೇಲಾಗಿದ್ದರೂ ನಮ್ಮ ಪುಸ್ತಕದಲ್ಲಿ ಎಂಟನೆಯ ತರಗತಿಗೆ ಹೋಗಿದ್ದಳು. ಕೆಳಗೆ ಸಹಿ ನನ್ನದೇ.

“ಆದ್ಳು,” ಎಂದೆ.